14 ತಂಡ ಬದಲಿಸಿದ ಬೇಸ್‌ಬಾಲ್ ಪಿಚರ್: ಇವನನ್ನು ಸೋತವ ಅನ್ನಬೇಕಾ?

ಅಂಕೋಲಾ ಎಡಗೈ:

ಎಲ್ಲರಿಗೂ ನಮಸ್ಕಾರ. ನಂದು ಅಂಕೋಲಾ ತಾಲೂಕಿನ ಸಮುದ್ರದ ಬದಿಯ ಊರು. ಕಾರವಾರದ ಬೈತಖೋಲ ಬಂದರಿನ ಹತ್ತಿರ ಒಂದು ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ಕೆಲಸ. ವಯಸ್ಸು 32. ಹದಿನಾರನೇ ವಯಸ್ಸಿನಿಂದ ಟೆನಿಸ್ ಬಾಲ್ ಕ್ರಿಕೆಟ್ ಆಡ್ತಾ ಬಂದಿದ್ದೇನೆ, ಎಡಗೈ ವೇಗದ ಬೌಲರ್. ಕಾರವಾರದ ಮಾಲಾದೇವಿ ಮೈದಾನ, ಅಂಕೋಲಾದ ಜೈಹಿಂದ್ ಮೈದಾನ, ಕುಮಟಾದ ಮಣಕಿ, ಹೊನಲು ಬೆಳಕಿನ ಟೂರ್ನಿ ಎಲ್ಲಿದ್ದರೂ ಕೆಲಸ ಮುಗಿಸಿ ಬೈಕ್ ಹತ್ತಿದವನು.

ಇಷ್ಟು ವರ್ಷದಲ್ಲಿ 11 ತಂಡಕ್ಕೆ ಆಡಿದೆ. ಯಾರ ಜೊತೆಗೂ ಜಗಳ ಮಾಡಿಕೊಂಡು ಬಿಟ್ಟಿದ್ದಲ್ಲ. ಈಗೆಲ್ಲ ಊರೂರಿನ ಲೀಗಿಗೂ ಹರಾಜು ಬಂದಿದೆ, ಪ್ರತಿ ವರ್ಷ ಹೆಸರು ಚೀಟಿಗೆ ಹೋಗ್ತದೆ, ಯಾರು ಕೂಗಿದರೋ ಅವರ ಟೀ ಶರ್ಟ್ ಹಾಕಿಕೊಳ್ಳೋದು. ಆದರೆ ಈ ಸಲ ಒಂದು ಮಾತು ಹೇಳಬೇಕು. ಎರಡು ವರ್ಷ ನಾನು ಆಡಿದ ತಂಡದವರು ನನ್ನನ್ನು ಉಳಿಸಿಕೊಳ್ಳೋದಿಲ್ಲ ಅಂತ ನನಗೆ ಹೇಳಲೇ ಇಲ್ಲ. ವಾಟ್ಸ್ಆಪ್ ಗುಂಪಿನಲ್ಲಿ ಪಟ್ಟಿಯ ಫೋಟೋ ಬಂತು, ಅದರಲ್ಲಿ ನನ್ನ ಹೆಸರಿಲ್ಲ. ಆಗ ನಾನು ಬಂಗಡೆ ಲೋಡಿಗೆ ಐಸ್ ಲೆಕ್ಕ ಬರೀತಾ ಇದ್ದೆ. ಬರೆದ ಅಂಕಿ ಮತ್ತೊಮ್ಮೆ ಕೂಡಿಸಬೇಕಾಯ್ತು.

ಅಪ್ಪ ಒಬ್ಬನೇ ಧಣಿಯ ಬೋಟ್‌ನಲ್ಲಿ 26 ವರ್ಷ ತಾಂಡೇಲ, ಅಂದರೆ ಬೋಟ್ ನಡೆಸುವವ, ಆಗಿದ್ದವರು. "ಒಂದು ಕಡೆ ನಿಲ್ಲದವನನ್ನ ಯಾರು ನಂಬ್ತಾರೆ" ಅಂತ ಅವರ ಮಾತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಏನೋ ಹುಡುಕುವಾಗ ಎಡ್ವಿನ್ ಜಾಕ್ಸನ್ ಅಂತ ಅಮೆರಿಕದ ಬೇಸ್‌ಬಾಲ್ ಪಿಚರ್ (ನಮ್ಮ ಬೌಲರ್ ಹಾಗೆ ಚೆಂಡು ಎಸೆಯುವವ) ಬಗ್ಗೆ ಸಿಕ್ತು. 14 ತಂಡಗಳಿಗೆ ಆಡಿದ್ದಾನಂತೆ. ಗೆಲುವು 107, ಸೋಲು 133.

ನನ್ನ ಪ್ರಶ್ನೆ ಇಷ್ಟೇ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಿದ್ದರೂ ಇವನನ್ನು 14 ತಂಡದವರು ಯಾಕೆ ಕರೆದರು? ಒಂದು ತಂಡ ಬಿಟ್ಟು ಕಳಿಸುವಾಗ ಆಟಗಾರನನ್ನು ಕೇಳ್ತಾರಾ? ಮತ್ತೆ ನನಗೆ ಎರಡು ತಿಂಗಳಿಂದ ಎಡ ಮೊಣಕೈಯ ಒಳಬದಿ ನೋವು. ಪಿಚರ್‌ಗಳಿಗೂ ಇದೇ ಬರ್ತದೆ ಅಂತ ಓದಿದೆ. ಗೊತ್ತಿದ್ದವರು ಹೇಳಿ.

—

ಹೊನ್ನಾವರ ಹುಡುಗ:

ಅಣ್ಣ, ಬೇಸ್‌ಬಾಲ್ ನನಗೆ ಹೆಚ್ಚು ಗೊತ್ತಿಲ್ಲ. ಆದರೆ ಚೆನ್ನಾಗಿ ಆಡುವವನನ್ನು ಯಾರೂ ಬಿಟ್ಟುಕೊಡೋದಿಲ್ಲ ಅಲ್ವಾ? 14 ಕಡೆ ಬಿಟ್ಟರು ಅಂದರೆ 14 ಕಡೆಯೂ ಏನೋ ಕೊರತೆ ಕಂಡಿರಬೇಕು. ನಿಮ್ಮ ಬಗ್ಗೆ ಹೇಳ್ತಾ ಇಲ್ಲ, ನಿಮ್ಮ ಯಾರ್ಕರ್ ನಾನು ಸೇಂಟ್ ಥಾಮಸ್ ಮೈದಾನದಲ್ಲಿ ನೋಡಿದ್ದೇನೆ. ಅವನ ಬಗ್ಗೆ ಹೇಳಿದ್ದು.

—

ಕುಮಟಾಕ್ಕೆ ಮರಳಿದವ:

ತಮ್ಮ, ಇದಕ್ಕೆ ಉತ್ತರ ಬರೆಯಲೇಬೇಕು ಅನ್ನಿಸ್ತು. ನಾನು ಏಳು ವರ್ಷ ಅಮೆರಿಕದ ನಾರ್ತ್ ಕ್ಯಾರೊಲಿನಾದ ಡರ್ಹಮ್ ಊರಲ್ಲಿದ್ದೆ. 2019ಕ್ಕೆ ಊರಿಗೆ ಬಂದೆ, ಈಗ ಅಪ್ಪನ ತೋಟ ನೋಡಿಕೊಳ್ತೇನೆ. ಡರ್ಹಮ್‌ನಲ್ಲಿ ಬುಲ್ಸ್ ಅಂತ ಒಂದು ತಂಡ ಇದೆ. ಅದು ಟಾಂಪಾ ಬೇ ರೇಸ್ ಎಂಬ ದೊಡ್ಡ ತಂಡದ ಕೈಕೆಳಗಿನ ತಂಡ, ಟ್ರಿಪಲ್-ಎ ಹಂತದ್ದು. ಅಂದರೆ ಅಲ್ಲಿನ ಎಲ್ಲಕ್ಕಿಂತ ಮೇಲಿನ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗೆ. ಟಿಕೆಟ್ ಅಗ್ಗ, ಮನೆಯಿಂದ ನಡೆದು ಹೋಗುವಷ್ಟು ದೂರ. ಆಫೀಸು ಮುಗಿದ ಮೇಲೆ ಅಲ್ಲಿ ಹೋಗಿ ಕೂರೋದು ನನಗೆ ರೂಢಿಯಾಗಿಬಿಟ್ಟಿತ್ತು. ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಜಾಗದ ಹತ್ತಿರದ ಸೀಟೇ ಹಿಡೀತಿದ್ದೆ. ಜಾಕ್ಸನ್ ಕೂಡ 2006ರಲ್ಲಿ ಅದೇ ಡರ್ಹಮ್‌ನಲ್ಲಿ ಎಸೆದವನು, ನಾನು ಹೋಗೋದಕ್ಕೂ ಮೊದಲು.

ಮೊದಲು ಆ 107-133 ಲೆಕ್ಕ. ಅದನ್ನು ನಮ್ಮ ಕ್ರಿಕೆಟ್ ಕಣ್ಣಿಂದ ನೋಡಬೇಡ. ಬೇಸ್‌ಬಾಲ್‌ನಲ್ಲಿ ಇಡೀ ತಂಡದ ಗೆಲುವು ಸೋಲನ್ನು ಒಬ್ಬ ಪಿಚರ್ ಹೆಸರಿಗೆ ಬರೀತಾರೆ. ಅವನು ಎರಡೇ ರನ್ ಕೊಟ್ಟರೂ ಬ್ಯಾಟಿಂಗ್‌ನವರು ಒಂದೇ ಹೊಡೆದರೆ ಸೋಲು ಇವನದ್ದು. ಇನ್ನೊಂದು, ಮೇಜರ್ ಲೀಗ್‌ನ ಒಂದು ತಂಡ ಒಂದು ವರ್ಷಕ್ಕೆ 162 ಪಂದ್ಯ ಆಡಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆವರೆಗೆ ಹೆಚ್ಚೂ ಕಡಿಮೆ ದಿನಾ ಪಂದ್ಯ. ಪಂದ್ಯಕ್ಕೆ 9 ಇನಿಂಗ್ಸ್ ಅಂದರೆ ವರ್ಷಕ್ಕೆ 1,458 ಇನಿಂಗ್ಸ್ ಯಾರಾದರೂ ಎಸೆಯಲೇಬೇಕು. ಒಳ್ಳೆ ಪಿಚರ್ ಇಬ್ಬರಿದ್ದರೆ ಅವರು ಅಷ್ಟನ್ನೂ ಎಸೆಯೋದಕ್ಕೆ ಆಗ್ತದಾ? ಪಂದ್ಯ ಶುರು ಮಾಡುವ ಪಿಚರ್ ಸುಮಾರು 100 ಚೆಂಡು ಎಸೆದರೆ ಮತ್ತೆ ಅವನ ಸರದಿ ಬರೋದು ಐದನೇ ದಿನ. ನಡುವೆ ಒಬ್ಬನ ಭುಜ ಹಿಡೀತದೆ, ಇನ್ನೊಬ್ಬನ ಮೊಣಕೈ ಹೋಗ್ತದೆ. ಆಗ ಮಾಲೀಕ ಹುಡುಕೋದು ಯಾರನ್ನ? ಐದನೇ ದಿನ ಬೆಳಿಗ್ಗೆ ಎದ್ದು "ನಾನಿದ್ದೇನೆ" ಅನ್ನುವವನನ್ನ. ಜಾಕ್ಸನ್ 2007ರಿಂದ 2013ರವರೆಗೆ ಏಳು ವರ್ಷ ಸತತವಾಗಿ ಪ್ರತಿ ವರ್ಷ 30ಕ್ಕೂ ಹೆಚ್ಚು ಪಂದ್ಯ ಶುರು ಮಾಡಿದ. ಒಂದು ವರ್ಷವೂ ತಪ್ಪಿಸಲಿಲ್ಲ. ಆ ಏಳು ವರ್ಷದಲ್ಲಿ ಅವನು ಆರೇಳು ಊರಿನ ಬಟ್ಟೆ ಹಾಕಿದ್ದಾನೆ, ಆದರೆ ಅವನ ಕೈ ಮಾತ್ರ ಒಂದೇ ಲೆಕ್ಕದಲ್ಲಿ ನಡೆದಿದೆ. ಹೊನ್ನಾವರದ ತಮ್ಮ, ನೀನು ಹೇಳಿದ ಕೊರತೆ ಇದ್ದದ್ದು ಹೌದು, ಅವನಿಗೆ ಚೆಂಡಿನ ಮೇಲೆ ಹಿಡಿತ ಕಡಿಮೆ. ಆದರೂ ಇಂಥವನು ಬೇಕಾಗ್ತಾನೆ.

ಅವನ ಕಥೆ ಒಮ್ಮೆ ಕೇಳು. ಹುಟ್ಟಿದ್ದು ಜರ್ಮನಿಯಲ್ಲಿ, ಅಪ್ಪ ಅಮೆರಿಕದ ಸೈನ್ಯದಲ್ಲಿದ್ದವರು. 2003ರ ಸೆಪ್ಟೆಂಬರ್ 9, ಅವತ್ತೇ ಅವನಿಗೆ 20 ತುಂಬಿದ್ದು, ಲಾಸ್ ಏಂಜಲೀಸ್ ಡಾಡ್ಜರ್ಸ್ ಪರವಾಗಿ ಮೊದಲ ಪಂದ್ಯ. ಎದುರಿನ ಪಿಚರ್ ರ್‍ಯಾಂಡಿ ಜಾನ್ಸನ್, ಆ ಕಾಲದ ದೈತ್ಯ. ಹುಡುಗ ಗೆದ್ದ. ಎಲ್ಲರೂ ಇವನೇ ಮುಂದಿನ ದೊಡ್ಡ ಹೆಸರು ಅಂದುಕೊಂಡರು. ಹಾಗಾಗಲಿಲ್ಲ.

2010ರ ಜೂನ್ 25ರ ರಾತ್ರಿ ಅರಿಜೋನಾ ಡೈಮಂಡ್‌ಬ್ಯಾಕ್ಸ್ ಪರವಾಗಿ, ತನ್ನ ಹಳೇ ತಂಡ ಟಾಂಪಾ ಬೇ ವಿರುದ್ಧ ನೋ-ಹಿಟರ್ ಎಸೆದ. ಅಂದರೆ ಇಡೀ 9 ಇನಿಂಗ್ಸ್‌ನಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ (ಚೆಂಡು ಹೊಡೆದು ಓಡಿ ಬೇಸ್ ಎಂಬ ಗುರುತು ಮುಟ್ಟೋದು) ಸಿಗಲಿಲ್ಲ. ಆದರೆ ಅದು ಚಂದದ ಆಟ ಆಗಿರಲಿಲ್ಲ. 8 ಜನರಿಗೆ ವಾಕ್ ಕೊಟ್ಟಿದ್ದಾನೆ, ಅಂದರೆ ನಾಲ್ಕು ಕೆಟ್ಟ ಚೆಂಡು ಎಸೆದು ಪುಕ್ಕಟೆ ಮೊದಲ ಬೇಸ್ ಬಿಟ್ಟುಕೊಟ್ಟಿದ್ದಾನೆ, ಅದರಲ್ಲಿ 7 ಮೊದಲ ಮೂರೇ ಇನಿಂಗ್ಸ್‌ನಲ್ಲಿ. ನಮ್ಮ ಕಡೆ ಒಬ್ಬ ಬೌಲರ್ ಮೊದಲ ಓವರಿನಲ್ಲೇ ಏಳು ವೈಡ್ ಹಾಕಿದರೆ ಕ್ಯಾಪ್ಟನ್ ಚೆಂಡು ಕಸಿದುಕೊಳ್ತಾನೆ. ಅಲ್ಲಿ ಕಸಿದುಕೊಳ್ಳಲಿಲ್ಲ. ಒಟ್ಟು 149 ಚೆಂಡು ಎಸೆದ, 1-0 ಇಂದ ಗೆದ್ದ. ಈ ಕಾಲದಲ್ಲಿ ಒಬ್ಬ ಪಿಚರ್‌ನನ್ನು 149 ಚೆಂಡಿನವರೆಗೆ ಬಿಡೋದು ಇಲ್ಲವೇ ಇಲ್ಲ ಅನ್ನಬಹುದು.

ಆಮೇಲೆ ಏನಾಯ್ತು ಗೊತ್ತಾ? ಐದು ವಾರ ಕಳೀತು, ಜುಲೈ 30ಕ್ಕೆ ಅವನನ್ನು ಶಿಕಾಗೊ ವೈಟ್ ಸಾಕ್ಸ್‌ಗೆ ಕೊಟ್ಟುಬಿಟ್ಟರು. ಮರುವರ್ಷ 2011ರ ಜುಲೈ 27ಕ್ಕೆ ವೈಟ್ ಸಾಕ್ಸ್‌ನವರು ಟೊರೊಂಟೊಗೆ ಕೊಟ್ಟರು, ಟೊರೊಂಟೊದವರು ಅದೇ ದಿನ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಕೊಟ್ಟರು. ಕೆಲವೇ ಗಂಟೆ ಟೊರೊಂಟೊ ಆಟಗಾರ, ಅವರ ಟೋಪಿ ಕೂಡ ತಲೆಗೆ ಹಾಕಲಿಲ್ಲ. ಅದೇ ವ್ಯವಹಾರದಲ್ಲಿ ಟೊರೊಂಟೊದಿಂದ ಅವನ ಜೊತೆ ಹೋದ ಇನ್ನೊಬ್ಬ ಪಿಚರ್ ಆಕ್ಟೇವಿಯೊ ಡೊಟೆಲ್. ಈ ಡೊಟೆಲ್ 13 ತಂಡಗಳಿಗೆ ಆಡಿದವನು, ಜಾಕ್ಸನ್‌ಗಿಂತ ಮೊದಲು ದಾಖಲೆ ಇದ್ದದ್ದು ಅವನ ಹೆಸರಲ್ಲಿ. ಇಬ್ಬರು ಅಲೆಮಾರಿಗಳು ಒಂದೇ ದಿನ ಒಂದೇ ಊರಿಗೆ ಹೋದರು, ಆ ಅಕ್ಟೋಬರಿನಲ್ಲಿ ಆ ತಂಡ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್, ಗೆದ್ದಿತು. 2019ರಲ್ಲಿ ಟೊರೊಂಟೊದವರು ಅವನನ್ನು ಮತ್ತೆ ಕರೆದರು. ಎಂಟು ವರ್ಷದ ಹಿಂದೆ ಹಾಕದ ಆ ಟೋಪಿ ಹಾಕಿದ, 14ನೇ ತಂಡ ಆಯ್ತು, ದಾಖಲೆ ಆಯ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಬೆಳ್ಳಿ ಬಂದಾಗ ಆ ತಂಡದಲ್ಲೂ ಇದ್ದ. ಈ ಮನುಷ್ಯನನ್ನ ಸೋತವ ಅನ್ನೋದಕ್ಕೆ ನನಗೆ ಬಾಯಿ ಬರೋದಿಲ್ಲ.

ಕೇಳ್ತಾರಾ ಅಂತ ಕೇಳಿದೆ. ಕೇಳೋದಿಲ್ಲ ತಮ್ಮ. ಇದರಲ್ಲಿ ನಿನಗೆ ಆದ ನೋವು ನನಗೆ ಚೆನ್ನಾಗಿ ಅರ್ಥ ಆಗ್ತದೆ. ಅಲ್ಲಿ ಒಂದು ನಿಯಮ ಇದೆ: ಮೇಜರ್ ಲೀಗ್‌ನಲ್ಲಿ 10 ವರ್ಷ ಪೂರೈಸಿ, ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿ ಇದ್ದವನನ್ನು ಅವನ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕೊಡುವ ಹಾಗಿಲ್ಲ. ಜಾಕ್ಸನ್ 10 ವರ್ಷ ದಾಟಿದ್ದಾನೆ, ಆದರೆ ಎಲ್ಲೂ 5 ವರ್ಷ ಇರೋದಕ್ಕೆ ಬಿಡಲಿಲ್ಲವಲ್ಲ. ಊರೂರು ಸುತ್ತುವವನಿಗೇ ಈ ರಕ್ಷಣೆ ಬೇಕಾದದ್ದು, ಅವನಿಗೇ ಅದು ಸಿಗೋದಿಲ್ಲ. ಒಪ್ಪಂದದಲ್ಲೇ ಬರೆಸಿಕೊಂಡರೆ ಬೇರೆ ಮಾತು, ದೊಡ್ಡ ಹೆಸರಿನವರು ಬರೆಸಿಕೊಳ್ತಾರೆ.

ಮೊದಲು ಇನ್ನೂ ಕಷ್ಟ ಇತ್ತು. 1969ರಲ್ಲಿ ಕರ್ಟ್ ಫ್ಲಡ್ ಅನ್ನುವ ಆಟಗಾರನನ್ನು ಸೇಂಟ್ ಲೂಯಿಸ್‌ನವರು 12 ವರ್ಷ ಆಡಿಸಿ ಫಿಲಡೆಲ್ಫಿಯಾಕ್ಕೆ ಕೊಟ್ಟರು. ಅವನು ಹೋಗೋದಿಲ್ಲ ಅಂದ, ತಾನು ಮಾರುವ ಸರಕಲ್ಲ ಅಂತ ಸುಪ್ರೀಂ ಕೋರ್ಟ್ ತನಕ ಹೋದ. 1972ರಲ್ಲಿ ಕೇಸು ಸೋತ, ಆಟದ ಬದುಕೂ ಮುಗೀತು. ಆದರೆ 1975ರ ಕೊನೆಗೆ ಬೇರೆ ಇಬ್ಬರು ಪಿಚರ್‌ಗಳ ತಕರಾರಿನಲ್ಲಿ ಆಟಗಾರರ ಪರ ತೀರ್ಪು ಬಂತು, ಒಪ್ಪಂದ ಮುಗಿದವನು ತನಗೆ ಬೇಕಾದ ತಂಡ ನೋಡಿಕೊಳ್ಳುವ ದಾರಿ ತೆರೀತು. ಫ್ಲಡ್‌ಗೆ ಅದರಿಂದ ಏನೂ ಸಿಗಲಿಲ್ಲ. ಈ ಭಾಗ ಓದಿದಾಗೆಲ್ಲ ನನಗೆ ಹೊಟ್ಟೆ ಉರೀತದೆ.

ಡರ್ಹಮ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಬ್ಬ ಪಿಚರ್ ಇದ್ದ. ಹೆಸರು ಬೇಡ, ದೊಡ್ಡ ಹೆಸರೂ ಅಲ್ಲ. 34 ವರ್ಷ ಇರಬಹುದು. ತಿಂಗಳ ಲೆಕ್ಕದ ಬಾಡಿಗೆ. ಆಗ ಟ್ರಿಪಲ್-ಎ ಹಂತದವರಿಗೆ ಕನಿಷ್ಠ ಸಂಬಳ ವಾರಕ್ಕೆ 502 ಡಾಲರ್, ಅದೂ ಆಟ ನಡೆಯುವ ತಿಂಗಳಿಗೆ ಮಾತ್ರ. 2023ರಲ್ಲಿ ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದ ಮೇಲೆ ಅದು ವರ್ಷಕ್ಕೆ 35,800 ಡಾಲರ್ ಆಯ್ತು. ಅವನು ಚಳಿಗಾಲದಲ್ಲಿ ಹೆಂಡತಿಯ ಊರಿನಲ್ಲಿ ಗೋದಾಮು ಕೆಲಸಕ್ಕೆ ಹೋಗ್ತಿದ್ದ. ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಾಗ ಮಾತಾಡ್ತಿದ್ದೆವು. ಇಷ್ಟು ವಯಸ್ಸಾದ ಮೇಲೂ ಯಾಕೆ ಅಂತ ಕೇಳಿದ್ದೆ. ಅವನು ಬೆರಳು ಮಡಚಿ ಲೆಕ್ಕ ಹೇಳಿದ: ಮೇಜರ್ ಲೀಗ್ ತಂಡದಲ್ಲಿ 43 ದಿನ ಇದ್ದರೆ ಪಿಂಚಣಿಗೆ ಅರ್ಹ. ಅವನಿಗೆ ಆವರೆಗೆ ಆದದ್ದು 31 ದಿನ. ಇನ್ನು 12 ಬೇಕು. ಆ 12 ದಿನಕ್ಕೆ ಅವನು ಮೂರನೇ ವರ್ಷ ಕಾಯ್ತಾ ಇದ್ದ.

ಒಂದು ಬೆಳಿಗ್ಗೆ ಕೆಳಗೆ ಬಂದಾಗ ಅವರು ಕಾರಿಗೆ ಸಾಮಾನು ತುಂಬ್ತಾ ಇದ್ದರು. ಎರಡು ಸೂಟ್‌ಕೇಸ್, ಮಡಚಿದ ಮಗುವಿನ ತೊಟ್ಟಿಲು, ಒಂದು ಫ್ಯಾನು. ಹಿಂದಿನ ರಾತ್ರಿ ಪಂದ್ಯದ ನಡುವೆಯೇ ಕರೆದು ಹೇಳಿದ್ದರಂತೆ, ಬೇರೆ ತಂಡಕ್ಕೆ ಕೊಟ್ಟಿದ್ದೇವೆ, ನಾಳೆ ಮಧ್ಯಾಹ್ನ ಅಲ್ಲಿ ಇರಬೇಕು ಅಂತ. ಅವನು ವಿಮಾನದಲ್ಲಿ, ಹೆಂಡತಿ ಮಗುವನ್ನು ಕರೆದುಕೊಂಡು ಕಾರಿನಲ್ಲಿ ಹದಿಮೂರು ಗಂಟೆ ದಾರಿ. ಹೋಗುವ ಮುಂಚೆ ಅವನು ಎರಡೂ ಕೈಯಿಂದ ಮಗುವಿನ ಸೀಟಿನ ಬೆಲ್ಟು ಎಳೆದು ನೋಡಿದ, ಇನ್ನೊಮ್ಮೆ ಎಳೆದು ನೋಡಿದ. ನನಗೆ ಒಂದು ಚೆಂಡು ಕೊಟ್ಟು ಹೋದ.

ಆ ಚೆಂಡು ಈಗ ಕುಮಟಾದ ಮನೆಯಲ್ಲಿದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದ್ದೇನೆ, 145 ಗ್ರಾಂ. ನಮ್ಮ ಲೆದರ್ ಬಾಲಿಗಿಂತ ಸ್ವಲ್ಪ ಹಗುರ. ಕೆಂಪು ದಾರದ 108 ಜೋಡಿ ಹೊಲಿಗೆ, ಕ್ರಿಕೆಟ್ ಚೆಂಡಿನ ಹಾಗೆ ನಡು ಸುತ್ತ ನೇರ ಅಲ್ಲ, ಹಾವು ಹೋದ ಹಾಗೆ ತಿರುಗಿಕೊಂಡು ಹೋಗ್ತದೆ. ಹೊಸ ಚೆಂಡು ಜಾರ್ತದೆ ಅಂತ ಮೇಜರ್ ಲೀಗ್‌ನಲ್ಲಿ ಪ್ರತಿ ಚೆಂಡಿಗೂ ನ್ಯೂಜೆರ್ಸಿಯ ಒಂದು ಹೊಳೆಯ ದಡದಿಂದ ತಂದ ಕೆಸರು ಸವರಿಯೇ ಆಟಕ್ಕೆ ತರೋದು. ಮಧ್ಯದ ಬೆರಳನ್ನು ಆ ಹೊಲಿಗೆಗೆ ತಾಗಿಸಿ ಒತ್ತಿ, ಹೆಬ್ಬೆರಳನ್ನು ಕೆಳಗಿಂದ ಮೇಲಕ್ಕೆ ತಳ್ಳಿದರೆ ಚೆಂಡು ಮುಂದಕ್ಕೆ ಉರುಳುತ್ತಾ ಹೋಗಿ ಬ್ಯಾಟ್ ಹತ್ತಿರ ಕುಸೀತದೆ. ಅದೇ ಕರ್ವ್‌ಬಾಲ್. ನೀನು ಬಂದರೆ ಕೈಯಲ್ಲಿ ಹಿಡಿದು ನೋಡಬಹುದು.

ಈ ಕರ್ವ್‌ಬಾಲ್ ಒಂದನ್ನೇ ನಂಬಿ ಬದುಕಿದವ ರಿಚ್ ಹಿಲ್, ನಿನ್ನ ಹಾಗೆ ಎಡಗೈ. 2015ರಲ್ಲಿ ಅವನಿಗೆ 35. ಯಾವ ದೊಡ್ಡ ತಂಡಕ್ಕೂ ಬೇಡವಾಗಿ, ಮೇಜರ್ ಲೀಗಿಗೆ ಸಂಬಂಧವೇ ಇಲ್ಲದ ಲಾಂಗ್ ಐಲ್ಯಾಂಡ್ ಡಕ್ಸ್ ಎಂಬ ತಂಡದಲ್ಲಿ ಎರಡು ಪಂದ್ಯ ಆಡಿದ. 11 ಇನಿಂಗ್ಸ್, ಒಂದು ರನ್ನೂ ಕೊಡಲಿಲ್ಲ, 21 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಚೆಂಡು ಹೊಡೆಯೋದಕ್ಕೆ ಬಿಡದೆ ಔಟ್ ಮಾಡಿದ. ಅದೇ ವರ್ಷ ಬಾಸ್ಟನ್ ಕರೀತು. ಮುಂದಿನ ವರ್ಷದ ಕೊನೆಗೆ ಡಾಡ್ಜರ್ಸ್ ಅವನಿಗೆ 3 ವರ್ಷಕ್ಕೆ 4.8 ಕೋಟಿ ಡಾಲರ್ ಕೊಟ್ಟಿತು. 2025ರ ಜುಲೈನಲ್ಲಿ, 45ನೇ ವಯಸ್ಸಿಗೆ, ಕ್ಯಾನ್ಸಸ್ ಸಿಟಿ ಪರ ಎಸೆದು ಅವನೂ 14 ತಂಡದ ಲೆಕ್ಕ ಮುಟ್ಟಿದ. ನೀನು ಇನ್ನೂ 32.

ನಿಮ್ಮ ಅಪ್ಪನ ಮಾತಿಗೆ ನಾನು ಅಡ್ಡ ಹೇಳೋದಿಲ್ಲ, ಒಂದೇ ಧಣಿಯ ಹತ್ತಿರ 26 ವರ್ಷ ಅಂದರೆ ಸಣ್ಣ ಮಾತಲ್ಲ. ಒಂದೇ ವಿಷಯ ಅವರನ್ನ ಕೇಳಿ ನೋಡು. ಒಂದು ಬೋಟ್‌ನ ಖಲಾಸಿ ಜ್ವರ ಬಂದು ಮಲಗಿದಾಗ, ಬೇರೆ ಬೋಟ್‌ನಿಂದ ಒಬ್ಬನನ್ನು ಕರೆದುಕೊಂಡು ಸಮುದ್ರಕ್ಕೆ ಹೋಗುವಾಗ, ಅವರು ಎಂಥವನನ್ನ ಕರೀತಿದ್ದರು?

—

ಅಂಕೋಲಾ ಎಡಗೈ:

ಅಣ್ಣ, ಮೂರು ಸಲ ಓದಿದೆ. ಐಸ್ ಫ್ಯಾಕ್ಟರಿಯ ಹುಡುಗರಿಗೂ ಓದಿ ಹೇಳಿದೆ. ಆ 12 ದಿನ ಅವನಿಗೆ ಸಿಕ್ತಾ?

ಅಪ್ಪನನ್ನ ಕೇಳಿದೆ. ಬಲೆ ರಿಪೇರಿ ಮಾಡ್ತಾ ಇದ್ದರು, ತಲೆ ಎತ್ತಲಿಲ್ಲ. "ಕರೆದ ಕೂಡಲೆ ಬರುವವನನ್ನ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮತ್ತೆ, ಬಂದ ಮೇಲೆ ನಮ್ಮ ಬೋಟ್‌ನ ರೀತಿ ಕೇಳಿ ತಿಳಿದುಕೊಳ್ಳುವವನನ್ನ. ತನ್ನ ಬೋಟ್‌ನಲ್ಲಿ ಹೀಗೆ ಅಂತ ಹೇಳ್ತಾ ಕೂರುವವನನ್ನ ಅಲ್ಲ" ಅಂದರು.

ಅದರಿಂದ ಇನ್ನೊಂದು ಪ್ರಶ್ನೆ ಹುಟ್ಟಿತು. ನನಗೆ ಹೊಸ ತಂಡದಲ್ಲಿ ಯಾವಾಗಲೂ ಕಷ್ಟ ಆಗೋದು ಕೀಪರ್ ಜೊತೆ. ನಾನು ನಿಧಾನದ ಚೆಂಡು ಹಾಕ್ತೇನೆ ಅಂತ ಅವನಿಗೆ ಗೊತ್ತಿರೋದಿಲ್ಲ, ಹಿಂದೆ ನಿಂತಿರ್ತಾನೆ, ಎಡ್ಜ್ ಆದದ್ದು ಮುಂದೆಯೇ ಬೀಳ್ತದೆ. ಎರಡು ಮೂರು ಪಂದ್ಯ ಹಾಗೇ ಹೋಗ್ತದೆ, ಅಷ್ಟರಲ್ಲಿ ಟೂರ್ನಿಯೇ ಮುಗೀತದೆ. ಪಿಚರ್‌ಗಳು 14 ಸಲ ಹೊಸ ಕ್ಯಾಚರ್ ಜೊತೆ ಹೇಗೆ ಹೊಂದಿಕೊಳ್ತಾರೆ?

—

ಕುಮಟಾಕ್ಕೆ ಮರಳಿದವ:

ಸಿಕ್ತು ತಮ್ಮ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊಸ ತಂಡದವರು ಮೇಲಕ್ಕೆ ಕರೆದರು, 19 ದಿನ ಇದ್ದ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕ್ತಾ ಇದ್ದೆ.

ಕ್ಯಾಚರ್ ವಿಷಯ ನೀನು ಸರಿಯಾಗಿ ಹಿಡಿದೆ. ಯಾವ ಚೆಂಡು ಎಸೀಬೇಕು ಅಂತ ಕ್ಯಾಚರ್ ಸನ್ನೆ ಮಾಡ್ತಾನೆ. ಮೊದಲೆಲ್ಲ ಕುಕ್ಕರಗಾಲಲ್ಲಿ ಕೂತು ತೊಡೆಗಳ ನಡುವೆ ಬೆರಳು ತೋರಿಸ್ತಿದ್ದ, 2022ರಿಂದ ಗುಂಡಿ ಒತ್ತಿದರೆ ಪಿಚರ್ ಟೋಪಿಯೊಳಗೆ ಧ್ವನಿ ಕೇಳುವ ಸಾಧನ ಬಂದಿದೆ. ಪಿಚರ್‌ನಿಂದ ಬ್ಯಾಟರ್ ಹತ್ತಿರಕ್ಕೆ 60 ಅಡಿ 6 ಇಂಚು, ಚೆಂಡು ತಲುಪೋದು ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತಲ್ಲಿ. ಏನು ಬರ್ತದೆ ಅಂತ ಗೊತ್ತಿಲ್ಲದಿದ್ದರೆ ಕ್ಯಾಚರ್ ಬೆರಳು ಮುರಿದುಕೊಳ್ತಾನೆ. ಅದಕ್ಕೆ ಹೊಸದಾಗಿ ಬಂದ ಪಿಚರ್ ಮೊದಲು ಮಾಡೋದು, ಬ್ಯಾಗ್ ಇಟ್ಟು ಕ್ಯಾಚರ್ ಹುಡುಕಿಕೊಂಡು ಹೋಗೋದು. ಪಂದ್ಯಕ್ಕೆ ಮೊದಲು ಬುಲ್‌ಪೆನ್‌ನಲ್ಲಿ, ಅಂದರೆ ನಾನು ಹೇಳಿದ ಆ ಕೈ ಬಿಸಿ ಮಾಡಿಕೊಳ್ಳುವ ಜಾಗದಲ್ಲಿ, ತನ್ನ ಪ್ರತಿ ಬಗೆಯ ಚೆಂಡನ್ನೂ ಅವನ ಗ್ಲೌಸಿಗೆ ಎಸೆದು ತೋರಿಸ್ತಾನೆ. ನಾನು ಆ ಸೀಟಿನಲ್ಲಿ ಕೂತು ನೋಡಿದ್ದು ಹೆಚ್ಚಾಗಿ ಅದನ್ನೇ. ಎಸೀತಾನೆ, ಇಬ್ಬರೂ ನಡುವೆ ಬಂದು ಎರಡು ಮಾತು, ಮತ್ತೆ ಎಸೀತಾನೆ.

—

ಮದ್ದಳೆಯವರ ಮಗಳು, ಶಿರಸಿ:

ತಮಾ, ನನಗೆ ಕ್ರಿಕೆಟ್ಟೂ ಬರ್ತಿಲ್ಲೆ, ಬೇಸ್‌ಬಾಲೂ ಬರ್ತಿಲ್ಲೆ. ಆದರೆ ಕ್ಯಾಚರ್ ಬಗ್ಗೆ ಓದಿದಾಗ ಅಪ್ಪಯ್ಯ ನೆನಪಾದ, ಅದಕ್ಕೆ ಬರೆಯುತ್ತಿದ್ದೇನೆ.

ಅಪ್ಪಯ್ಯ ಯಕ್ಷಗಾನದ ಮದ್ದಳೆಗಾರ. ನವೆಂಬರಿಗೆ ಮನೆ ಬಿಟ್ಟರೆ ಮಳೆ ಹತ್ತಿರ ಬಂದಾಗಲೇ ಮನೆಗೆ. ಆರು ಮೇಳದಲ್ಲಿ ಒಟ್ಟು 29 ತಿರುಗಾಟ ಮಾಡಿದವ. ನಮ್ಮಲ್ಲಿ ಕಲಾವಿದನ ಪರಿಚಯ ಹೇಳುವಾಗ "ಇಂಥ ಮೇಳದಲ್ಲಿ ಇಷ್ಟು ತಿರುಗಾಟ" ಅಂತಲೇ ಹೇಳುತ್ತಾರೆ, ಅದನ್ನು ಯಾರೂ ಕೊರತೆ ಅಂದದ್ದು ನಾನು ಕೇಳಿಲ್ಲ. ನಿನ್ನ 11 ತಂಡವನ್ನೂ ಹಾಗೇ ಹೇಳಿಕೋ.

ಹೊಸ ಮೇಳ ಅಂದರೆ ಹೊಸ ಭಾಗವತರು. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಒಬ್ಬರ ಶ್ರುತಿ ಬಿಳಿ ಎರಡು, ಇನ್ನೊಬ್ಬರದ್ದು ಕಪ್ಪು ಮೂರು. ಮದ್ದಳೆ ಭಾಗವತರ ಶ್ರುತಿಗೆ ಕೂಡಬೇಕು. ಅದಕ್ಕೆ ಅಪ್ಪಯ್ಯ ಮೂರು ಮದ್ದಳೆ ಇಟ್ಟುಕೊಂಡಿದ್ದ, ಒಂದೊಂದು ಒಂದೊಂದು ಶ್ರುತಿಗೆ. ಬಸ್ಸಿನಲ್ಲಿ ಅವನ್ನು ಸೀಟಿನ ಮೇಲೆ ಕೂರಿಸಿ ತಾನು ನಿಂತೇ ಪ್ರಯಾಣ ಮಾಡಿದ್ದು ನಾನು ಕಂಡಿದ್ದೇನೆ. ಹೊಸ ಮೇಳದ ಮೊದಲ ದಿನ ಎಲ್ಲರಿಗಿಂತ ಮುಂಚೆ ಚೌಕಿಗೆ ಹೋಗುತ್ತಿದ್ದ. ವೇಷದವರು ಬಣ್ಣ ಹಚ್ಚಲು ಕೂರುವ ಮೊದಲೇ ಭಾಗವತರ ಹತ್ತಿರ ಕೂತು, ಆವತ್ತಿನ ಪ್ರಸಂಗದಲ್ಲಿ ಯಾವ ಪದ್ಯ ಯಾವ ತಾಳ, ಎಲ್ಲಿ ಕಾಲ ಏರಿಸುತ್ತೀರಿ, ಎಲ್ಲಿ ನಿಲ್ಲಿಸುತ್ತೀರಿ ಅಂತ ಕೇಳಿಕೊಳ್ಳುತ್ತಿದ್ದ. ಕೈಯಲ್ಲಿ ಮದ್ದಳೆ ಇಲ್ಲ, ತೊಡೆಯ ಮೇಲೆ ಬೆರಳು ಆಡಿಸುತ್ತಾ ಕೇಳುವುದು. ಅರ್ಧ ಗಂಟೆ. ಆಮೇಲೆ ಬೆಳಗಿನ ತನಕ ಒಂದು ಮಾತು ಆಡಬೇಕಾದ ಅಗತ್ಯ ಬೀಳುತ್ತಿರಲಿಲ್ಲ, ಭಾಗವತರ ತಾಳದ ಕೈ ಕಂಡರೆ ಸಾಕು.

ನೀನೂ ನಿನ್ನ ಕೀಪರ್ ಹುಡುಗನ ಹತ್ತಿರ ಮೊದಲೇ ಕೂತುಕೊಂಡರೆ ಆಗುವುದಿಲ್ಲವಾ?

—

ಕಾರವಾರ ಫಿಸಿಯೋ:

ಎಲ್ಲರೂ ಕಥೆ ಹೇಳುತ್ತಿದ್ದೀರಿ, ಕೈ ನೋವಿನ ಮಾತು ಬಿಟ್ಟೇಹೋಗಿದೆ. ನಾನು ಫಿಸಿಯೋಥೆರಪಿಸ್ಟ್, ಬಂದರಿನ ಕೆಲಸಗಾರರು ಹೆಚ್ಚು ಬರುತ್ತಾರೆ ನನ್ನ ಹತ್ತಿರ.

ಮೊಣಕೈಯ ಒಳಬದಿಯಲ್ಲಿ ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಹಿಡಿದಿಡುವ ಒಂದು ಕಟ್ಟು ಇದೆ. ಪಿಚರ್ ಮೊಣಕೈ ಮಡಚಿ, ತೋಳು ಹಿಂದಕ್ಕೆ ಬಾಗಿಸಿ, ಚಾಟಿ ಬೀಸಿದ ಹಾಗೆ ಬಿಡುಗಡೆ ಮಾಡುತ್ತಾನೆ. ಆ ಕ್ಷಣದ ಎಳೆತವೆಲ್ಲ ಈ ಕಟ್ಟಿನ ಮೇಲೆ. ವರ್ಷಗಟ್ಟಲೆ ಆದರೆ ನಾರು ಸವೆದು ಹರಿಯುತ್ತದೆ. 1974ರವರೆಗೆ ಇದು ಹರಿದರೆ ಪಿಚರ್ ಬದುಕು ಅಲ್ಲಿಗೆ ಮುಗಿದ ಹಾಗೆ. ಆ ವರ್ಷ ಟಾಮಿ ಜಾನ್ ಅನ್ನುವ ಎಡಗೈ ಪಿಚರ್‌ಗೆ ಡಾ. ಫ್ರಾಂಕ್ ಜೋಬ್ ಬಲಗೈಯಿಂದ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಹೊಲಿದರು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಅಂದಿದ್ದರು. ಅವನು 1976ಕ್ಕೆ ಮರಳಿ, 1989ರವರೆಗೆ ಎಸೆದ. ಒಟ್ಟು 288 ಗೆಲುವಿನಲ್ಲಿ 164 ಆ ಶಸ್ತ್ರಚಿಕಿತ್ಸೆಯ ನಂತರದ್ದು. ಈಗಲೂ ಆ ಚಿಕಿತ್ಸೆಗೆ ಅವನ ಹೆಸರೇ. ಹೆಬ್ಬೆರಳು ಕಿರುಬೆರಳು ತಾಗಿಸಿ ಮಣಿಕಟ್ಟು ಸ್ವಲ್ಪ ಮಡಚಿ ನೋಡಿ, ನಡುವೆ ಒಂದು ದಾರ ಎದ್ದು ಕಾಣುತ್ತದೆ. ಅದೇ ಆ ಸ್ನಾಯುರಜ್ಜು. ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದಿದ್ದರೂ ಕೈಗೆ ತೊಂದರೆ ಇಲ್ಲ.

ಬೌಲಿಂಗ್‌ನಲ್ಲಿ ಮೊಣಕೈ ನೇರ ಇರುವುದರಿಂದ ಒತ್ತಡ ಹೆಚ್ಚಾಗಿ ಬೆನ್ನಿಗೂ ಮೊಣಕಾಲಿಗೂ ಹೋಗುತ್ತದೆ. ಹಾಗಾಗಿ ನಿಮಗೆ ಈ ಜಾಗ ನೋಯುತ್ತಿದೆ ಅಂದರೆ ನನ್ನ ಮೊದಲ ಅನುಮಾನ ಬೌಂಡರಿಯಿಂದ ಎಸೆಯುವುದರ ಮೇಲೆ. ಯಾವಾಗ ನೋಯುತ್ತದೆ, ಬೌಲಿಂಗ್ ಮಾಡುವಾಗಲಾ, ಫೀಲ್ಡಿಂಗ್‌ನಲ್ಲಿ ಎಸೆಯುವಾಗಲಾ? ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುತ್ತಾ? ಹಿಡಿಯುತ್ತಿದ್ದರೆ ನರಕ್ಕೆ ಒತ್ತಡ ಬಿದ್ದಿರಬಹುದು, ತಡ ಮಾಡದೆ ಮೂಳೆ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿ ಆಡಬೇಡಿ, ದಯವಿಟ್ಟು. ಎರಡು ತಿಂಗಳು ಈಗಾಗಲೇ ಹೆಚ್ಚಾಯಿತು.

—

ಅಂಕೋಲಾ ಎಡಗೈ:

ಮೇಡಂ, ನೀವು ಹೇಳಿದ್ದೇ ಸರಿ. ನೆನಪು ಮಾಡಿಕೊಂಡೆ, ಬೌಲಿಂಗ್‌ನಲ್ಲಿ ನೋವಿಲ್ಲ, ಡೀಪ್‌ನಿಂದ ಎಸೆದಾಗ ಮಾತ್ರ. ಜೋಮು ಇಲ್ಲ. ಎಡಗೈಯಲ್ಲಿ ಆ ದಾರ ಕಾಣ್ತದೆ, ಬಲಗೈಯಲ್ಲಿ ಇಲ್ಲ. ಸೋಮವಾರ ಆಸ್ಪತ್ರೆಗೆ ಹೋಗ್ತೇನೆ. ಅಲ್ಲಿಯವರೆಗೆ ಒಳ ವರ್ತುಲದಲ್ಲಿ ನಿಲ್ಲಿಸಿ, ಚೆಂಡು ಕೆಳಗಿಂದ ಕೊಡ್ತೇನೆ ಅಂತ ಕ್ಯಾಪ್ಟನ್‌ಗೆ ಹೇಳಿದ್ದೇನೆ, ಒಪ್ಪಿದ.

ಹೇಳೋದು ಮರೆತೆ, ನಿನ್ನೆ ಹರಾಜು ಆಯ್ತು. ಗೋಕರ್ಣ ಕಡೆಯ ತಂಡದವರು ತೆಗೆದುಕೊಂಡರು. 12ನೇದು. ಕೀಪರ್ 19 ವರ್ಷದ ಹುಡುಗ, ಗಂಗಾವಳಿ ಹೊಳೆಯ ಆಚೆ ದಡದವ. ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಟೂರ್ನಿಗೆ ಇನ್ನೂ ಹತ್ತು ದಿನ ಇದೆಯಲ್ಲ ಅಂದ. ಪ್ರ್ಯಾಕ್ಟೀಸ್ ಅಲ್ಲ, ನನ್ನ ಚೆಂಡು ಹೇಗೆ ಬರ್ತದೆ ಅಂತ ತೋರಿಸಬೇಕು, ನೀನು ಎಲ್ಲಿ ನಿಲ್ತೀ ಅಂತ ನಾನು ನೋಡಬೇಕು ಅಂದೆ. ಡಾಕ್ಟರ್ ಬೌಲಿಂಗ್ ಮಾಡಬಹುದು ಅಂದರೆ ಬುಧವಾರ ಸಂಜೆ 5ಕ್ಕೆ, ನೀರು ಇಳಿದ ಮೇಲೆ, ಸಮುದ್ರದ ಬೇಲೆಯಲ್ಲಿ (ಮರಳ ದಂಡೆಯಲ್ಲಿ) ಅಂತ ಮಾತಾಗಿದೆ. ಕುಮಟಾದ ಅಣ್ಣ, ಬಿಡುವಿದ್ದರೆ ಆ ಚೆಂಡು ತಗೊಂಡು ನೀವೂ ಬನ್ನಿ.